ನಾನೂರು ಮೀಟರ್

ಹಳೇ ಗಡಿಯಾರದ ಪಟ್ಟಿ ಹರಿದು ಆರು ತಿಂಗಳು.
ನೋಟಿನ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡಲ್ಲಿ ಬಿಗಿದುಕೊಂಡೇ ಓಡಿದೆ.
ಪಟ್ಟಿಯದೇನು ಬಿಡಿ, ಬ್ಯಾಟರಿ ಹತ್ತು ಕಿಲೋಮೀಟರ್ ದಾಟಿದರೆ
ಮದುವೆಮನೆಯ ಮುದುಕನ ಹಾಗೆ
ಕೂತಲ್ಲೇ ತೂಕಡಿಸುತ್ತಿತ್ತು.

ಹೊಸತು ಬಂದದ್ದು ಸೋಮವಾರ, ಅಮ್ಮತ್ತಿ ಸಂಘದ ವಿಳಾಸಕ್ಕೆ.
ಮೆಣಸಿನ ಚೀಲಗಳ ನಡುವೆ ನಿಂತು ಬಿಚ್ಚಿದೆ.
ಹದಿನೈದರ ಓಟಕ್ಕೆ ಇನ್ನು ಐದೇ ವಾರ.
ಎತ್ತರ ಕೇಳಿತು. ತೂಕ ಕೇಳಿತು;
ಎರಡು ಕಿಲೋ ಬಿಟ್ಟು ಹೇಳಿದೆ,
ದಿನವಿಡೀ ಊರಿನ ಚೀಲ ತೂಗುವವಳಿಗೆ
ಅಷ್ಟೂ ಹಕ್ಕಿಲ್ಲವೆ?
ಹುಟ್ಟಿದ ವರ್ಷಕ್ಕೆ ಅಂಕಿಗಳು ಹಿಂದಕ್ಕೆ ಉರುಳಿ, ಉರುಳಿ,
ಅಂತೂ ಎಪ್ಪತ್ತೊಂಬತ್ತರಲ್ಲಿ ನಿಂತವು.
ಕೊನೆಗೆ ಬರೆಯಿತು:
ನಿಮ್ಮನ್ನು ಅರಿಯಲು ಒಂದು ವಾರ ಬೇಕು.

ಬೇಗಾಯಿತು, ಅಂದುಕೊಂಡೆ.
ಪೆಮ್ಮಯ್ಯನಿಗೆ ಇಪ್ಪತ್ತೆರಡು ವರ್ಷವಾದರೂ
ನನ್ನ ಕಾಫಿಗೆ ಬೆಲ್ಲ ಬೇಡವೆಂದು ನೆನಪಿರುವುದಿಲ್ಲ.

ಮಂಗಳವಾರ ಆರು ಕಿಲೋಮೀಟರ್, ಆರಾಮದ್ದು.
ಮೂರನೆಯದರಲ್ಲಿ, ತೋಟದ ಬೇಲಿ ಮುರಿದ ಕಡೆ,
ಹೊಗೆಯಾಡುವ ಲದ್ದಿ. ಆಮೇಲೆ ಬಾಳೆ ಸೀಳುವ ಸದ್ದು.
ಸಿಲ್ವರ್ ಮರದ ಹಿಂದೆ ಉಸಿರು ಹಿಡಿದು ನಿಂತೆ.
ವೇಗ ಸೊನ್ನೆ. ನಾಡಿ ನೂರ ಎಪ್ಪತ್ತೊಂದು.
ಆಗ ಮಣಿಕಟ್ಟು ನಡುಗಿಸಿ ಕೇಳುತ್ತದೆ ಮಹಾರಾಯ:
ವ್ಯಾಯಾಮ ಮುಗಿಯಿತೆ?

ಗುರುವಾರದ ಹತ್ತು ನನ್ನ ಮಾಮೂಲು ಹತ್ತು.
ಸಂಘದ ಗೋದಾಮಿಂದ ಹೊರಟು, ಕೆರೆ ಬಳಸಿ, ಚರ್ಚಿನ ಏರು ಹತ್ತಿ
ಮೊಣ್ಣಪ್ಪ ಮಾವನ ಗೇಟಿಗೆ ಮುಗಿಯುವ ಹತ್ತು.
ನಾಲ್ಕು ವರ್ಷದಿಂದ ಅದೇ ಗೇಟು,
ಅದೇ ನಾಯಿ ಒಂದು ಕಣ್ಣು ತೆರೆದು ಮುಚ್ಚುವುದು.
ಗೇಟು ಮುಟ್ಟಿದೆ. ಮಣಿಕಟ್ಟು ಸುಮ್ಮನಿದೆ.
ಒಂಬತ್ತು ಪಾಯಿಂಟ್ ಆರು.

ರಾತ್ರಿ ಫೋನಿನಲ್ಲಿ ಹಳೇ ಓಟದ ಗೆರೆಗಳನ್ನು ಹಿಗ್ಗಿಸಿ ನೋಡಿದೆ.
ಮರದ ನೆರಳಲ್ಲಿ ದಿಕ್ಕು ತಪ್ಪಿದ ಬಡಪಾಯಿ
ನನ್ನನ್ನು ಎಲ್ಲೆಲ್ಲಿ ಓಡಿಸಿದೆ!
ಕೆರೆಯ ನಟ್ಟನಡುವೆ, ನೀರ ಮೇಲೆ.
ಕಣದಲ್ಲಿ ಹರವಿದ ಮಾವನ ಕಾಫಿಯ ಮೇಲೆ,
ಅವರ ಕೊಟ್ಟಿಗೆಯ ಹೆಂಚಿನ ಮೇಲೆ,
ಚರ್ಚಿನ ಗೋಡೆ ತೂರಿ ಆಚೆಗೆ.
ಆ ಅಡ್ಡಾದಿಡ್ಡಿಯೆಲ್ಲ ಸೇರಿ ನಾನೂರು ಮೀಟರ್,
ಪ್ರತಿ ಹತ್ತರಲ್ಲೂ
ನಾನು ಓಡದೆ ಓಡಿದ್ದು.

ಹೋದ ವರ್ಷ ಸಂಘಕ್ಕೆ ಎಲೆಕ್ಟ್ರಾನಿಕ್ ತಕ್ಕಡಿ ಬಂದಾಗ
ಇದೇ ಮೊಣ್ಣಪ್ಪ ಮಾವ, ಚೀಲಕ್ಕೆ ಮುನ್ನೂರು ಗ್ರಾಂ ಕಡಿಮೆಯೆಂದು
ಇಳಿಸಿ ಏರಿಸಿ, ಇಳಿಸಿ ಏರಿಸಿ ಸುಸ್ತಾಗಿ
"ಹಳೇದಕ್ಕೆ ನನ್ನ ಮೆಣಸಿನ ಗುರುತಿತ್ತು" ಅಂದಿದ್ದರು.
ನಾನು ರಸೀದಿ ಹರಿಯುತ್ತ, ತಲೆಯೆತ್ತದೆ,
"ತಕ್ಕಡಿಗೆ ಯಾರ ಗುರುತೂ ಇರಬಾರದು ಮಾವ" ಅಂದಿದ್ದೆ.
ಎಷ್ಟು ಸಲೀಸಾಗಿ ಅಂದಿದ್ದೆ.

ಶುಕ್ರವಾರ ವಿಶ್ರಾಂತಿ ತೆಗೆದುಕೊಳ್ಳಿ ಎಂದಿತು.
ಓಡಲಿಲ್ಲ. ಅದು ಹೇಳಿದ್ದಕ್ಕಲ್ಲ.

ಶನಿವಾರ ರುಕಿಯಾ ಬಂದಳು,
ಸಿದ್ದಾಪುರದ ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮುಗಿಸಿ,
ಸ್ಕಾರ್ಫಿಗೆ ಪಿನ್ನು ಸಿಕ್ಕಿಸಿಕೊಳ್ಳುತ್ತ.
ಲೆಕ್ಕವೆಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡಳು.
"ಹಳೇದು ನನಗೆ ಕೊಡು ಮಾರಾಯ್ತಿ,
ಬೇಗ ಮನೆಗೆ ಬಿಡುವ ಗಡಿಯಾರ
ನಮ್ಮ ವಾರ್ಡಿಗೇ ಒಂದು ಬೇಕಿತ್ತು."
ರಬ್ಬರ್ ಬ್ಯಾಂಡ್ ಸಮೇತ ಕೊಟ್ಟೆ.

ಹೂಮಳೆ ಬಿದ್ದು ಒಂಬತ್ತನೇ ದಿನ. ತೋಟವೆಲ್ಲ ಬೆಳ್ಳಗೆ,
ಏರಿನಲ್ಲಿ ಬಾಯಿ ತೆರೆದರೆ ಗಂಟಲಿಗೇ ಇಳಿಯುವ ಗಮಲು.
ಇಬ್ಬರೂ ಮಾತಾಡಲಿಲ್ಲ.
ಗೇಟಿನ ಹತ್ತಿರ ಅವಳ ಕೈ ಕೀಚಲು ಕೂಗಿತು: ಹತ್ತು.
ಅಷ್ಟು ಹೇಳಿ ಕಣ್ಣು ಮುಚ್ಚಿತು.
ರುಕಿಯಾ ಅಲ್ಲೇ ನಾಯಿಯ ಪಕ್ಕ ಕುಸಿದು ಕೂತಳು.

ನಾನು ಸೇತುವೆಯ ಕಡೆ.
ಈ ಇಳಿಜಾರು ಜೀಪಿಗೆ ಗೊತ್ತು, ನನ್ನ ಕಾಲಿಗಲ್ಲ.
ಸುಣ್ಣ ಬಳಿದ ಮೋರಿ,
ಬೇಲಿಗೆ ಹರವಿದ ಯಾರದೋ ಕಂಬಳಿ.
ಹಿಂದಿನಿಂದ ಮಾವನ ದನಿ:
"ಏನು, ದೇಚು ಇವತ್ತು ನಿಲ್ಲಲೇ ಇಲ್ಲ?"
"ಬಾಕಿ ಇತ್ತಂತೆ ಮಾವ. ಕೊಡೋಕೆ ಹೋದಳು."
"ಯಾರಿಗೆ?"

ಉತ್ತರ ಕೇಳಿಸಲಿಲ್ಲ,
ಇಳಿಜಾರು.